ಈಜು ಬಲ್ಲವನ ತಾಯಿ

ಸಾಂಫ್ಯಾ
30 ಏಪ್ರಿಲ್ 1993

ಮಗಳೇ ಮ್ವಾಂಗೊ,

ರೇಡಿಯೊದಲ್ಲಿ ಹೇಳಿದ್ದನ್ನು ನಾನು ಕೇಳಲಿಲ್ಲ. ಸರೋವರದ ದಡದಲ್ಲಿ ಮೀನು ಒಣಗಲು ಹರಡಿ ಆಗಷ್ಟೇ ಮನೆಗೆ ಬಂದಿದ್ದೆ. ಹೆಂಗಸರು ತಲೆಯ ಮೇಲೆ ಕೈ ಹೊತ್ತುಕೊಂಡು ದಾರಿಯುದ್ದಕ್ಕೂ ಗೋಳಾಡುತ್ತ ಬರುತ್ತಿದ್ದರು. ಪಾಪ, ಯಾರ ಮನೆಗೆ ಹೋಗುತ್ತಿದ್ದಾರೋ ಎಂದುಕೊಂಡೆ. ನಮ್ಮ ಅಂಗಳಕ್ಕೇ ಬಂದರು.

ಪಕ್ಕದ ಮನೆಯ ಚಿಸಾಲಾನ ತಾಯಿ ನನ್ನ ಕಾಲ ಬಳಿ ನೆಲಕ್ಕೆ ಬಿದ್ದಳು. "ಅಕ್ಕಾ, ನಮ್ಮ ದೇಶದ ಫುಟ್‌ಬಾಲಿನವರ ವಿಮಾನ ಸಮುದ್ರಕ್ಕೆ ಬಿತ್ತಂತೆ. ಗಬಾನ್ ಅನ್ನೋ ದೇಶದಲ್ಲಿ. ಒಬ್ರೂ ಉಳಿದಿಲ್ವಂತೆ, ಅಕ್ಕಾ."

"ದಡದಿಂದ ಎಷ್ಟು ದೂರ ಬಿತ್ತಂತೆ?" ಎಂದು ಕೇಳಿದೆ.

"ದೂರ ಇಲ್ವಂತೆ. ದಡದಲ್ಲಿ ನಿಂತೋರಿಗೆ ಕಾಣ್ತಿತ್ತಂತೆ."

"ಹಂಗಿದ್ರೆ ಎದ್ದು ನಿಮ್ಮ ನಿಮ್ಮ ಮನೆಗೆ ಹೋಗಿ. ದಡ ಕಾಣೋ ನೀರಲ್ಲಿ ನನ್ನ ಮಗ ಕಬಾಸೊ ಸಾಯಲ್ಲ."

ಅವರು ಏಳಲಿಲ್ಲ. ನಾನು ಒನಕೆ ಎತ್ತಿಕೊಂಡೆ. ಆಮೇಲೆ ಎದ್ದರು.

ನಿನ್ನ ತಮ್ಮ ನಡೆಯುವ ಮೊದಲೇ ಈಜಿದವನು. ದೋಣಿ ಮಗುಚಿದರೆ ದೋಣಿಯನ್ನೂ ಎಳೆದುಕೊಂಡು ಬರುತ್ತಿದ್ದ. ನೀನು ಲುಸಾಕಾದಲ್ಲಿದ್ದೀಯ, ದೊಡ್ಡ ಆಫೀಸುಗಳೆಲ್ಲ ಅಲ್ಲೇ ಇವೆ. ಹೋಗಿ ಕೇಳು. ಅಲ್ಲಿನ ಆಸ್ಪತ್ರೆಗಳಲ್ಲಿ, ಬೆಸ್ತರ ಗುಡಿಸಲುಗಳಲ್ಲಿ ಹುಡುಕಿದ್ದಾರಾ ಎಂದು ಕೇಳು. ಅವನಿಗೆ ಆ ದೇಶದ ಭಾಷೆ ಬರುವುದಿಲ್ಲ, ತಾನು ಯಾರೆಂದು ಹೇಳಲಾಗದೆ ಎಲ್ಲೋ ಕೂತಿರುತ್ತಾನೆ. ನನ್ನ ಸೊಸೆ ಫೆಬಿಗೆ ಚೆನ್ನಾಗಿ ಉಣ್ಣಲು ಹೇಳು. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಅತ್ತರೆ ಗಂಡ ಬಂದಾಗ ಬೈಯುತ್ತಾನೆ.

ನಿನ್ನ ಅವ್ವ


ಮಟೇರೊ, ಲುಸಾಕಾ
5 ಮೇ 1993

ಅವ್ವಾ,

ನಿನ್ನ ಕಾಗದ ಬಂದಾಗ ನಾವು ಮಣ್ಣು ಮಾಡಿ ಬಂದಾಗಿತ್ತು.

ಪೆಟ್ಟಿಗೆಗಳನ್ನು ವಿಮಾನದಲ್ಲಿ ತಂದರು. ವಿಮಾನ ನಿಲ್ದಾಣದಿಂದ ಸ್ಟೇಡಿಯಮ್ಮಿನವರೆಗೆ ರಸ್ತೆಯ ಎರಡೂ ಬದಿ ಜನ. ಅಷ್ಟು ಜನ ಸೇರಿದ್ದನ್ನು ನಾನು ನೋಡಿದ್ದು ಗೆದ್ದು ಬಂದಾಗ ಮಾತ್ರ. ಈ ಸಲ ಒಬ್ಬರೂ ಬಾಯಿ ಬಿಡಲಿಲ್ಲ. ಪೆಟ್ಟಿಗೆಗಳನ್ನು ಮೈದಾನದಲ್ಲಿ ಸಾಲಾಗಿ ಇಟ್ಟರು. ಪ್ರತಿಯೊಂದರ ಮೇಲೂ ಹೆಸರು. ನಮ್ಮವನ ಹೆಸರಿದ್ದ ಪೆಟ್ಟಿಗೆ ಎರಡನೆಯ ಸಾಲಿನಲ್ಲಿತ್ತು. ಮುಚ್ಚಳಕ್ಕೆ ಮೊಳೆ ಹೊಡೆದಿದ್ದರು. ಮುಖ ನೋಡಲು ಬಿಡಲಿಲ್ಲ. ಫೆಬಿ ಮಂಡಿಯೂರಿ ಕೂತು, ಬಾಗಿಲು ತಟ್ಟುತ್ತಾರಲ್ಲ, ಹಾಗೆ ಬೆರಳ ಗೆಣ್ಣಿನಿಂದ ಆ ಹಲಗೆಯನ್ನು ಮೆಲ್ಲಗೆ ತಟ್ಟಿದಳು. ಸ್ವಲ್ಪ ಹೊತ್ತು ಕಾದು ಮತ್ತೆ ತಟ್ಟಿದಳು. ನಾನೇ ಅವಳ ಕೈ ಹಿಡಿದು ಎಬ್ಬಿಸಿದೆ.

ಫೆಬಿಯ ಕಡೆಯ ಅಂಗೋನಿಗಳು ಚಿಪಾಟಾದಿಂದ ಬಂದಿದ್ದರು. ನಮ್ಮ ಬೆಂಬಾ ಜನಕ್ಕೂ ಅವರಿಗೂ ಇರುವ ಗೇಲಿಯ ಸಲಿಗೆ ಸಾವಿನ ಮನೆಯಲ್ಲೂ ಬಿಡುವುದಿಲ್ಲವಲ್ಲ. ಅವಳ ಚಿಕ್ಕಪ್ಪ ಪೆಟ್ಟಿಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏಯ್ ಕೋತಿ ತಿನ್ನೋನೇ, ಎಲ್ರೂ ಎದ್ದು ನಿಂತಿದಾರೆ, ನೀನೊಬ್ನೇ ಮಲಗಿದೀಯಲ್ಲೋ! ಆಟಕ್ಕೆ ಹೊತ್ತಾಯ್ತು, ಏಳೋ!" ಎಂದು ಕೂಗಿದ. ನಾವೆಲ್ಲ ನಕ್ಕುಬಿಟ್ಟೆವು ಅವ್ವಾ. ನಗುತ್ತ ನಗುತ್ತ ಆ ಚಿಕ್ಕಪ್ಪನೇ ನೆಲಕ್ಕೆ ಕುಸಿದ.

ಸ್ಟೇಡಿಯಮ್ಮಿನ ಹೊರಗೇ ಎಲ್ಲರನ್ನೂ ಒಟ್ಟಿಗೆ ಮಣ್ಣು ಮಾಡಿದರು. "ಕಬಾಸೊನ ತಾಯಿ ಎಲ್ಲಿ?" ಎಂದು ಎಲ್ಲರೂ ಕೇಳಿದರು. ಮನೆಯವರ ಚಾಪೆಯ ಮೇಲೆ ನೀನು ಕೂರಬೇಕಾದ ಜಾಗದಲ್ಲಿ ನಿನ್ನ ತಮ್ಮ ಕಟೇಬೆ ಮಾವ ಕೂತಿದ್ದ. ನೀನು ಬರಬೇಕಿತ್ತು.

ನಿನ್ನ ಮಗಳು
ಮ್ವಾಂಗೊ


ಸಾಂಫ್ಯಾ
19 ಮೇ 1993

ಮಗಳೇ,

ನೀನು ಅವನ ಮುಖ ನೋಡಿಲ್ಲ. ಹಾಗೆಂದು ನೀನೇ ಬರೆದಿದ್ದೀಯ. ಮೊಳೆ ಹೊಡೆದ ಪೆಟ್ಟಿಗೆಗೆ ಮಣ್ಣು ಹಾಕಿ ಬಂದು ನನ್ನನ್ನು ಬೈಯುತ್ತೀಯ.

ನಿನ್ನಪ್ಪನ ವಿಷಯ ನೆನಪಿದೆಯಾ? ನೀನಾಗ ಚಿಕ್ಕವಳು, ಕಬಾಸೊ ಇನ್ನೂ ಬೆನ್ನಿನ ಮೇಲಿದ್ದ. ಗಾಳಿ ಎದ್ದ ದಿನ ಹೋದವನ ದೋಣಿ ಮಾತ್ರ ಸಿಕ್ಕಿತು. ಎಲ್ಲರೂ ಬಂದು ಅತ್ತರು. ನನ್ನ ತಲೆ ಬೋಳಿಸಿದರು. ಅವನ ಬಲೆಗಳನ್ನು ಅಣ್ಣತಮ್ಮಂದಿರು ಹಂಚಿಕೊಂಡರು. ಆಮೇಲೆ ಒಂದು ಮಧ್ಯಾಹ್ನ ಅವನು ನಡೆದುಕೊಂಡು ಬಂದ. ಜೊಂಡಿನ ತೇಲುಗಡ್ಡೆಯ ಮೇಲೆ ಹಸಿ ಮೀನು ತಿಂದುಕೊಂಡು ಕೂತಿದ್ದನಂತೆ. ಅಂಗಳದಲ್ಲಿ ನಿಂತು ನನ್ನ ತಲೆ ನೋಡಿದ. "ಇಷ್ಟು ಬೇಗನಾ?" ಎಂದ. ಅಷ್ಟೇ ಅಂದದ್ದು. ಆಮೇಲೆ ಹನ್ನೆರಡು ವರ್ಷ ನನ್ನ ಜೊತೆ ಬಾಳಿ, ಜ್ವರ ಬಂದು, ತನ್ನ ಹಾಸಿಗೆಯಲ್ಲೇ ಹೋದ. ಆದರೆ ಜಗಳವಾದಾಗಲೆಲ್ಲ ಆ ಮಾತು ನನ್ನ ಕಿವಿಯಲ್ಲಿ ಕೇಳಿಸುತ್ತಿತ್ತು.

ಬದುಕಿದ್ದವನಿಗೆ ನಾನು ಒಂದು ಸಲ ತಲೆ ಬೋಳಿಸಿಕೊಂಡಿದ್ದೇನೆ. ಇನ್ನೊಂದು ಸಲ ಮಾಡುವುದಿಲ್ಲ. ನೀನೂ ಬೋಳಿಸಿಕೊಳ್ಳಬೇಡ. ಕಟೇಬೆಗೆ ಹೇಳು, ನನ್ನ ಮಗನ ಹೆಸರಿನಲ್ಲಿ ಚಾಪೆ ಹಾಸಿ ಕೂರುವುದು ಸಾಕು, ಎದ್ದು ಕೆಲಸಕ್ಕೆ ಹೋಗಲಿ.

ಅವ್ವ


ಮಟೇರೊ, ಲುಸಾಕಾ
12 ಜೂನ್ 1993

ಅವ್ವಾ,

ಇದನ್ನು ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ನೇರವಾಗಿ ಬರೆಯುತ್ತೇನೆ.

ಹೋದ ಶನಿವಾರ ಕಟೇಬೆ ಮಾವ ಪಿಕಪ್ ಗಾಡಿ ತಂದ. ಜೊತೆಗೆ ನಾಲ್ಕು ಆಳು. ಕಬಾಸೊನ ಮನೆಯಿಂದ ಟೀವಿ, ಫ್ರಿಜ್ಜು, ಕುರ್ಚಿ, ಕೊನೆಗೆ ಮಂಚವನ್ನೂ ಹೊರಗೆ ಹೊತ್ತರು. ನಾನು ಮಾರ್ಕೆಟ್ಟಿನಲ್ಲಿ ಹೊಲಿಗೆ ಬಿಟ್ಟು ಓಡಿ ಹೋಗುವಷ್ಟರಲ್ಲಿ ಫೆಬಿ ಗಾಡಿಯ ಹಿಂದೆ ನಿಂತು ಹಾಸಿಗೆಯ ಒಂದು ಮೂಲೆ ಹಿಡಿದುಕೊಂಡಿದ್ದಳು.

"ಮಾವಾ, ನಾನು ಎಲ್ಲಿ ಮಲಗ್ಲಿ?"

"ಯಾಕೆ, ಚಿಪಾಟಾದಲ್ಲಿ ನಿಮ್ಮಪ್ಪನ ಮನೇಲಿ ಹಾಸಿಗೆ ಇಲ್ವಾ? ಇಲಿ ಹಿಡಿಯೋದ್ರಲ್ಲೇ ಹೊತ್ತು ಹೋಯ್ತಾ?"

ಅಂಗೋನಿಗಳು ಇಲಿ ತಿನ್ನುವವರು ಎಂಬ ನಮ್ಮ ಹಳೆಯ ಗೇಲಿಯೇ. ಆದರೆ ಅವನು ನಗುತ್ತಿರಲಿಲ್ಲ.

ನಾನು ಅಡ್ಡ ನಿಂತೆ. "ಇದು ನನ್ನ ತಮ್ಮ ಕಷ್ಟಪಟ್ಟು ಮಾಡಿದ್ದು. ಇವಳದ್ದು, ಇವಳ ಮಗೂದು."

"ನಮ್ಮಲ್ಲಿ ಸತ್ತವನ ಆಸ್ತಿ ಯಾರಿಗೆ ಹೋಗುತ್ತೆ ಅಂತ ನಿನಗೆ ಗೊತ್ತಿಲ್ವೇನೇ? ತಾಯಿ ಕಡೆಗೆ. ತಾಯಿ ಕಡೆ ಗಂಡಸು ಯಾರು? ನಾನು. ಬೇಕಾದ್ರೆ ನಿಮ್ಮವ್ವನ್ನ ಕರ್ಕೊಂಡು ಬಾ. ಅವಳು ಬೇಡ ಅಂದ್ರೆ ಎಲ್ಲಾ ವಾಪಸ್ ಇಟ್ಟು ಹೋಗ್ತೀನಿ."

ನೀನು ಬರುವುದಿಲ್ಲ ಎಂದು ಅವನಿಗೆ ಗೊತ್ತು.

ಈಗ ಮನೆಗೂ ಬೀಗ ಹಾಕುತ್ತೇನೆ ಎನ್ನುತ್ತಿದ್ದಾನೆ. ನಾವು ಬಡಾವಣೆಯ ಕೋರ್ಟಿಗೆ ಹೋದೆವು. ಅಲ್ಲಿನ ಹಿರಿಯರು ಒಳ್ಳೆಯವರು. ಕಾನೂನು ಹೆಂಡತಿ ಮಗುವಿನ ಕಡೆಗಿದೆ ಎಂದೇ ಹೇಳಿದರು. ಆದರೆ ಮಾವ ಎದ್ದು ನಿಂತು, "ಸ್ವಾಮಿ, ಇದು ಮದುವೆನೇ ಅಲ್ಲ, ನಮ್ಮ ಮನೆಯವರು ಒಪ್ಪಿಲ್ಲ. ನಮ್ಮ ಅಕ್ಕನಿಗೆ ತಲೆ ಕೆಟ್ಟಿದೆ, ಮಗ ಬದುಕಿದಾನೆ ಅಂತಾಳೆ. ಅವಳ ಬದಲು ನಾನೇ ಮಾತಾಡ್ತೀನಿ" ಎಂದ. ಹಿರಿಯರು ತಾಯಿಯೇ ಬಂದು ಹೇಳಲಿ ಎಂದು ಮುಂದಿನ ತಿಂಗಳಿಗೆ ಇಟ್ಟಿದ್ದಾರೆ.

ನೀನು ಬಂದು ಎರಡು ಮಾತು ಹೇಳಬೇಕು. ನಿನ್ನ ಮಗ ಹೋದ, ಇವಳು ಅವನ ಹೆಂಡತಿ. ಇಷ್ಟೇ. ಫೆಬಿ ನೆಲದ ಮೇಲೆ ರಟ್ಟು ಹಾಸಿಕೊಂಡು ಮಲಗುತ್ತಿದ್ದಾಳೆ. ಇಲ್ಲಿ ಎಂಥ ಚಳಿ ಎಂದು ನಿನಗೆ ಗೊತ್ತು. ನಿನ್ನ ಕಾಲಿಗೆ ಬೀಳುತ್ತೇನೆ, ಬಾ.

ಮ್ವಾಂಗೊ


ಸಾಂಫ್ಯಾ
25 ಜೂನ್ 1993

ಮ್ವಾಂಗೊ,

ನಿನ್ನ ಕಾಗದ ಬಂದಾಗ ನಾನು ಊರಿನಲ್ಲಿರಲಿಲ್ಲ. ಗಬಾನಿಗೆ ಹೊರಟಿದ್ದೆ.

ನಗಬೇಡ. ಯಾರೂ ಹುಡುಕುತ್ತಿಲ್ಲವಾದರೆ ನಾನೇ ಹುಡುಕಬೇಕಲ್ಲ? ಮೀನಿನ ಲಾರಿ ಹತ್ತಿ ಚೆಂಬೆಗೆ ಹೋದೆ. ಅಲ್ಲಿ ನದಿ ದಾಟಿಸುವ ದೊಡ್ಡ ತೆಪ್ಪದಲ್ಲಿ ಆಚೆ ದಡಕ್ಕೆ, ಜೈರ್ ದೇಶಕ್ಕೆ ಕಾಲಿಟ್ಟೆ. ಒಂದು ಗಂಟು ಒಣ ಮೀನು, ಮರಗೆಣಸಿನ ಹಿಟ್ಟು, ಅವನಿಗೊಂದು ಅಂಗಿ ಇಟ್ಟುಕೊಂಡಿದ್ದೆ. ಸಿಪಾಯಿಗಳು ತಡೆದರು.

"ಎಲ್ಲಿಗೆ ಅಜ್ಜಿ?"

"ಗಬಾನಿಗೆ."

"ಅದು ಎಲ್ಲಿದೆ ಗೊತ್ತಾ?"

"ಸಮುದ್ರ ಇರೋ ಕಡೆ. ನೀನು ದಾರಿ ತೋರಿಸು, ನಾನು ಹೋಗ್ತೀನಿ."

ಅವನು ಬಿದ್ದು ಬಿದ್ದು ನಕ್ಕ. ಒಳಗಿದ್ದವರನ್ನೆಲ್ಲ ಕರೆದು, "ಬನ್ರೋ, ಈ ಅಜ್ಜಿ ಕಾಲ್ನಡಿಗೇಲಿ ಗಬಾನಿಗೆ ಹೋಗ್ತಾಳಂತೆ" ಎಂದ. ಅವರಲ್ಲೊಬ್ಬ ನನ್ನ ಗಂಟು ನೋಡಿದ, ಗಂಟಿನ ಮೇಲಿದ್ದ ಅಂಗಿ ನೋಡಿದ. ಅದು ಕಬಾಸೊನ ಹಸಿರು ಅಂಗಿ, ದೇಶಕ್ಕೆ ಆಡುವಾಗ ಹಾಕುತ್ತಿದ್ದದ್ದು. ಅವನು ಮೊದಲಿನವನ ಕಿವಿಯಲ್ಲಿ ಏನೋ ಹೇಳಿದ. ನಗು ನಿಂತಿತು. ಅವನೇ ಹೋಗಿ ಸ್ಟೂಲು ತಂದು ಹಾಕಿದ. ನನಗೆ ಅವರು ನಗುತ್ತಿದ್ದದ್ದೇ ಎಷ್ಟೋ ವಾಸಿ ಎನ್ನಿಸಿತು. ಸಂಜೆಯ ತೆಪ್ಪದಲ್ಲಿ ಕೂರಿಸಿ ವಾಪಸ್ ಕಳಿಸಿದರು.

ಮನೆಗೆ ಬಂದರೆ ನಿನ್ನ ಕಾಗದ. ನಾನು ಬರುವುದಿಲ್ಲ. ನೀನು ಎರಡು ಮಾತು ಎನ್ನುತ್ತೀಯ. ಅದರಲ್ಲಿ ಮೊದಲನೆಯದನ್ನು ನನ್ನ ಬಾಯಿಂದ ಹೇಳಿಸಬೇಡ. ಊರೆಲ್ಲ ಹೇಳಲಿ, ರೇಡಿಯೊ ಹೇಳಲಿ. ತಾಯಿ ಹೇಳಿದ ಮೇಲೆ ಅವನಿಗೆ ಬರಲು ದಾರಿಯೇ ಇರುವುದಿಲ್ಲ. ಮಂಚವನ್ನು ವಾಪಸ್ ಇಡಲು ಕಟೇಬೆಗೆ ಹೇಳು. ಕಬಾಸೊ ಬಂದರೆ ಎಲ್ಲಿ ಮಲಗುತ್ತಾನೆ?

ಮೀನು ಕಳಿಸಿದ್ದೇನೆ. ಫೆಬಿಗೆ ಕೊಡು.

ಅವ್ವ


ಮಟೇರೊ, ಲುಸಾಕಾ
8 ಜುಲೈ 1993

ಅವ್ವಾ,

ಫೆಬಿಗೆ ಹೆಣ್ಣು ಮಗು ಹುಟ್ಟಿದೆ. ಇಬ್ಬರೂ ನನ್ನ ಕೋಣೆಯಲ್ಲಿದ್ದಾರೆ. ಮಾವ ಮನೆಗೆ ಬೀಗ ಹಾಕಿಬಿಟ್ಟ. ಫೆಬಿಗೆ ಅವಳ ಬಟ್ಟೆ ತೆಗೆದುಕೊಳ್ಳಲೂ ಬಿಡಲಿಲ್ಲ.

ಭಾನುವಾರ ಹೊಸ ತಂಡದ ಮೊದಲ ಆಟ ಇಲ್ಲೇ ಸ್ಟೇಡಿಯಮ್ಮಿನಲ್ಲಿತ್ತು, ಮೊರಾಕೊ ಮೇಲೆ. ಹೊರಗೆ ಗೋರಿಗಳು, ಒಳಗೆ ಆಟ. ನಾವು ಹೋಗಲಿಲ್ಲ. ಆದರೆ ಮಟೇರೊದಲ್ಲಿದ್ದುಕೊಂಡು ಆ ಕೂಗು ಕೇಳಿಸದೆ ಇರುತ್ತದೆಯೇ? ಫೆಬಿ ಇದ್ದಲ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಊರೇ ಎದ್ದು ಕೂಗಿತು, ಗೋಲು. ಫೆಬಿ ಅಭ್ಯಾಸಬಲದಿಂದ ತಲೆಯೆತ್ತಿ, "ಅವ್ರೇ ಹೊಡೆದ್ರಾ?" ಎಂದಳು.

ಆಮೇಲೆ ಕೋಲು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ಬೀದಿಯಲ್ಲಿ ಜನ ಕುಣಿಯುತ್ತಿದ್ದರು, ಒಂದು ಗಾಡಿಯೂ ನಿಲ್ಲಲಿಲ್ಲ. ಕುಣಿಯುವವರ ನಡುವೆಯೇ ನಡೆಸಿಕೊಂಡು ಕ್ಲಿನಿಕ್ಕಿಗೆ ಹೋದೆ. ಕುಡಿದವನೊಬ್ಬ ಅವಳ ಹೊಟ್ಟೆ ನೋಡಿ, "ಒಳಗಿರೋನು ಮುಂದೆ ನಮ್ಮ ತಂಡಕ್ಕೇ ಆಡ್ಬೇಕು ತಾಯಿ!" ಎಂದು ಕೈ ಮುಗಿದ.

ಮಗು ಚಿಕ್ಕದು, ಆದರೆ ಗಟ್ಟಿಯಾಗಿ ಅಳುತ್ತದೆ. ಫೆಬಿಗೆ ಹಾಲು ಬರುತ್ತಿಲ್ಲ. ಗೋಡೆ ನೋಡುತ್ತ ಮಲಗಿರುತ್ತಾಳೆ. ನಿನ್ನೆ, "ಅಕ್ಕಾ, ಮಗೂನ ನೀವು ಇಟ್ಕೊಳ್ತೀರಾ?" ಎಂದು ಕೇಳಿದಳು. ಯಾಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳನ್ನು ಒಬ್ಬಳನ್ನೇ ಬಿಟ್ಟು ಮಾರ್ಕೆಟ್ಟಿಗೂ ಹೋಗುತ್ತಿಲ್ಲ.

ಅವ್ವಾ, ಒಂದು ಮಾತು ನಿನಗೆ ಹೇಳಿರಲಿಲ್ಲ. ಹೇಳಿದರೆ ನೀನು ಇನ್ನೂ ಕೇಳುತ್ತೀಯ, ನನಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ ಎಂದು ಸುಮ್ಮನಿದ್ದೆ. ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಮುಂಚೆ ಮನೆಯವರನ್ನು ಒಬ್ಬೊಬ್ಬರನ್ನೇ ಕರೆದು ಮೈಮೇಲೆ ಏನಾದರೂ ಗುರುತು ಇದೆಯೇ ಎಂದು ಕೇಳಿದರು. ಎಡಗಾಲಿನ ಹೆಬ್ಬೆರಳು, ಚಿಕ್ಕವನಿದ್ದಾಗ ದೋಣಿ ಬಿದ್ದು ಮುರಿದಿತ್ತು ಎಂದೆ. ಕೇಳಿದ ಮನುಷ್ಯ ಒಳಗೆ ಹೋದ. ತುಂಬ ಹೊತ್ತು ಬರಲಿಲ್ಲ. ಬಂದವನು ನನ್ನ ಎರಡೂ ಕೈ ಹಿಡಿದುಕೊಂಡ.

"ಅಡ್ಡಕ್ಕೆ ಕೂಡ್ಕೊಂಡಿದೆ, ಅಲ್ವಾಮ್ಮ?" ಎಂದ.

ನಾನು ಮುರಿದಿತ್ತು ಎಂದಷ್ಟೇ ಹೇಳಿದ್ದೆ. ಅಡ್ಡಕ್ಕೆ ಕೂಡಿಕೊಂಡಿದೆ ಎಂದು ಹೇಳಿರಲಿಲ್ಲ.

ಕೋರ್ಟು ಇಪ್ಪತ್ತೆರಡಕ್ಕೆ.

ಮ್ವಾಂಗೊ


ಸಾಂಫ್ಯಾ
15 ಜುಲೈ 1993

ಮಗಳೇ,

ಆ ಬೆರಳನ್ನು ಕಟ್ಟಿದವಳು ನಾನು. ಮರದ ತೊಗಟೆ ಇಟ್ಟು ಬಟ್ಟೆ ಸುತ್ತಿದ್ದೆ. ಬಿಗಿಯಾಗಿ ಕಟ್ಟಿದರೆ ಅಳುತ್ತಿದ್ದ. ಅದಕ್ಕೆ ಸಡಿಲ ಬಿಟ್ಟೆ.

ಸೋಮವಾರದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಯಾರೂ ಅಳುತ್ತ ಬರಬೇಡಿ.

ಅವ್ವ


ಸಾಂಫ್ಯಾ
14 ಸೆಪ್ಟೆಂಬರ್ 1993

ಮಗಳೇ ಮ್ವಾಂಗೊ,

ನಿನ್ನ ಎರಡು ಕಾಗದಗಳೂ ಬಂದವು. ಫೆಬಿ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಇನ್ನೊಂದರಲ್ಲಿ ಇದ್ದಾಳೆ, ಹಾಲು ಬರುತ್ತಿದೆ ಎಂದು ಓದಿ ಸಮಾಧಾನವಾಯಿತು. ಕಟೇಬೆ ಮಂಚ ಕೊಟ್ಟು ಹಾಸಿಗೆ ಕೊಡಲಿಲ್ಲವಂತೆ. ಅವನು ಚಿಕ್ಕವನಿದ್ದಾಗಲೂ ಹಾಗೆಯೇ, ಕದ್ದದ್ದನ್ನು ಪೂರ್ತಿ ವಾಪಸ್ ಕೊಡುತ್ತಿರಲಿಲ್ಲ.

ಕೋರ್ಟಿನ ಒಳಗೆ ಏನಾಯಿತು ಎಂದು ನೀನು ಆ ದಿನ ಕೇಳಿದೆ. ನೀನು ಮಗುವನ್ನು ಎತ್ತಿಕೊಂಡು ಹೊರಗೆ ಮಾವಿನ ಮರದ ಕೆಳಗೆ ಇದ್ದೆ. ನನಗೆ ಆಗ ಹೇಳಲಾಗಲಿಲ್ಲ. ಫೆಬಿ ಹೇಳಿರಬಹುದು, ಆದರೂ ಬರೆಯುತ್ತೇನೆ.

ಆ ಹಿರಿಯರು ಕನ್ನಡಕ ತೆಗೆದು, "ಅಮ್ಮಾ, ನಿಮ್ಮ ಮಗ ಕಬಾಸೊ ಎಲ್ಲಿ?" ಎಂದು ಕೇಳಿದರು. ಮೆತ್ತಗೇ ಕೇಳಿದರು. ನಾನು ಎದ್ದು ನಿಂತೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ಹೇಳಿಕೊಂಡು ಬಂದಿದ್ದೆ. ಬಾಯಿಗೆ ಬರಲಿಲ್ಲ. ಜನ ಕೆಮ್ಮತೊಡಗಿದರು. ಕಟೇಬೆ ಎದ್ದು, "ನೋಡಿದ್ರಾ ಸ್ವಾಮಿ, ನಾನು ಹೇಳ್ಲಿಲ್ವಾ? ಅಕ್ಕನಿಗೆ ತಲೆ ನಿಂತಿಲ್ಲ. ಕೂತ್ಕೊಳಕ್ಕಾ, ಕೂತ್ಕೋ" ಎಂದ.

ಆಗ ಫೆಬಿ ಎದ್ದಳು. ಗೋಡೆ ಹಿಡಿದುಕೊಂಡು ನಿಂತು, "ಅತ್ತೆ ಕೈಲಿ ಹೇಳಿಸ್ಬೇಡಿ ಸ್ವಾಮಿ. ನನಗೆ ಮನೆ ಬೇಡ. ಇವರಿಗೇ ಕೊಟ್ಬಿಡಿ. ಅತ್ತೇನ ಮನೆಗೆ ಕಳಿಸಿ" ಎಂದಳು.

ಮಲಗಲು ಹಾಸಿಗೆ ಇಲ್ಲದವಳು, ಮ್ವಾಂಗೊ. ನನ್ನ ಒಂದು ಮಾತು ಉಳಿಸಲು ಮನೆ ಬಿಟ್ಟುಕೊಡುತ್ತೇನೆ ಎಂದಳು. ನಾನು ಮೂರು ತಿಂಗಳು ಆ ಮಾತನ್ನು ಬಚ್ಚಿಟ್ಟುಕೊಂಡು ಅವಳನ್ನು ನೆಲದ ಮೇಲೆ ಮಲಗಿಸಿದ್ದೆ.

"ನನ್ನ ಮಗ ಸತ್ತಿದಾನೆ" ಎಂದೆ. "ನೀರಿಗೆ ಬಿದ್ದು ಸತ್ತ. ಇವಳು ಅವನ ಹೆಂಡ್ತಿ. ಹೊರಗೆ ಮರದ ಕೆಳಗಿರೋದು ಅವನ ಮಗು. ಕಟೇಬೆ ನನ್ನ ತಮ್ಮ. ಅವನಿಗೆ ನಾನು ಏನೂ ಕೊಟ್ಟಿಲ್ಲ, ಕೊಡೋದೂ ಇಲ್ಲ."

ನನಗೇ ಗೊತ್ತಿಲ್ಲದೆ ಜೋರಾಗಿ ಹೇಳಿದ್ದೆನಂತೆ. ಹಿರಿಯರು ಬೀಗದ ಕೈ ಇಲ್ಲಿಡಿ ಎಂದು ಕಟೇಬೆಗೆ ಹೇಳಿದರು. ಅವನು ಇಟ್ಟ. ಹೊರಗೆ ಬಂದು ನನ್ನ ಪಕ್ಕ ನಿಂತು, "ನನಗೂ ಅವನು ಅಳಿಯ ಅಲ್ವಾ ಅಕ್ಕಾ? ನನಗೇನು ದುಃಖ ಇಲ್ವಾ?" ಎಂದು ಅತ್ತ. ನಿಜವಾಗಿಯೇ ಅತ್ತ. "ಇರಬಹುದು ಕಣೋ. ದುಃಖದಲ್ಲೇ ಅವನ ಮಂಚ ಹೊತ್ಕೊಂಡು ಹೋದೆಯಲ್ಲ" ಎಂದೆ. ಅದಾದ ಮೇಲೆ ಅವನು ನನಗೆ ಮುಖ ತೋರಿಸಿಲ್ಲ.

ಹೆಣ್ಣು ಮಗುವಾದರೂ ಕಬಾಸೊ ಎಂದೇ ಹೆಸರಿಡೋಣ, ಸತ್ತವರ ಹೆಸರು ತಾನೇ ಇಡುವುದು ಎಂದು ನೀನು ಹೇಳಿದೆ, ನಾನು ಬೇಡ ಎಂದೆ. ನಿನಗೆ ಬೇಸರವಾಯಿತು. ಮಗಳೇ, ಅಂಗಳದಲ್ಲಿ ಯಾರಾದರೂ ಕಬಾಸೊ ಎಂದು ಕೂಗಿದರೆ ನಾನು ತಿರುಗಿ ನೋಡುತ್ತೇನೆ. ದಿನಕ್ಕೆ ಎಷ್ಟು ಸಲ ನೋಡಲಿ? ಫೆಬಿ ತನ್ನ ಕಡೆಯ ಹೆಸರೇ ಇಡಲಿ.

ಗೋರಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ನೀನು ಹೇಳಿದೆ, ನಾನು ಅದಕ್ಕೂ ಒಪ್ಪಲಿಲ್ಲ. ಆದರೆ ವಾಪಸ್ ಬರುವಾಗ ಬಸ್ಸು ಸ್ಟೇಡಿಯಮ್ಮಿನ ಪಕ್ಕದಲ್ಲೇ ಬಂತು. ಕಿಟಕಿಯಿಂದ ಕಂಡಿತು. ಹೊಸ ಮಣ್ಣು, ಹೂವು, ಬೇಲಿಯ ಆಚೆ ಫುಟ್‌ಬಾಲ್ ಆಡುವವರು. ಕಂಡಕ್ಟರು ಟಿಕೀಟಿಗೆ ಬಂದು, "ಎಲ್ಲಿಗಜ್ಜಿ?" ಎಂದ. "ನನ್ನ ಮಗ ಸತ್ತ" ಎಂದೆ. ಅವನು ಕಾಸೂ ಕೇಳದೆ ಮುಂದೆ ಹೋದ.

ಊರಿಗೆ ಬಂದ ಮಾರನೆಯ ದಿನ ಚಿಸಾಲಾನ ತಾಯಿಯ ಬಾಗಿಲಿಗೆ ಹೋದೆ. "ಆ ದಿನ ನಿಮ್ಮನ್ನೆಲ್ಲ ಓಡಿಸಿದ್ದೆ. ಈಗ ಬನ್ನಿ" ಎಂದೆ. ಅವಳು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಬಂದಳು. ದಾರಿಯಲ್ಲಿ ಕೂಗುತ್ತ ಒಬ್ಬೊಬ್ಬರನ್ನೇ ಕರೆದಳು. ಎಲ್ಲರೂ ಬಂದರು. ಅಂಗಳ ತುಂಬ ಅತ್ತರು, ನನ್ನ ತಲೆ ಬೋಳಿಸಿದರು, ಅನ್ನ ನೀರು ನೋಡಿಕೊಂಡರು, ಆಮೇಲೆ ಹೊರಟು ಹೋದರು. ಅವರವರ ಮನೆಯಲ್ಲಿ ಕೆಲಸ ಇರುತ್ತದಲ್ಲ.

ಅಲ್ಲಿಂದ ಈಚೆಗೆ ಇನ್ನೊಂದು ತೊಂದರೆ ಹಿಡಿದಿದೆ. ಬಾಯಿಗೇ ಬರದಿದ್ದ ಮಾತು ಈಗ ನಿಲ್ಲುತ್ತಿಲ್ಲ. ಉಪ್ಪು ಮಾರುವವನಿಗೆ ಹೇಳುತ್ತೇನೆ. ಪಾದ್ರಿಗೆ ಹೇಳುತ್ತೇನೆ. ಮೀನು ಚೌಕಾಸಿ ಮಾಡುವವರಿಗೆ ಬೆಲೆ ಹೇಳುವ ಬದಲು ಅದನ್ನೇ ಹೇಳುತ್ತೇನೆ. "ಗೊತ್ತಮ್ಮಾ, ಗೊತ್ತು" ಎನ್ನುತ್ತಾರೆ. ಗೊತ್ತಿರುವವರಿಗೇ ಮತ್ತೆ ಹೇಳುತ್ತೇನೆ. ಯಾವಾಗ ನಿಲ್ಲುತ್ತದೋ ನನಗೆ ಗೊತ್ತಿಲ್ಲ. ರಾತ್ರಿ ಒಬ್ಬಳೇ ಇದ್ದಾಗ ಗಂಟಲು ಒಣಗುವವರೆಗೂ ಅದೇ.

ಇವತ್ತು ಬೆಳಗ್ಗೆ ಪರ ಊರಿನ ಹೆಂಗಸೊಬ್ಬಳು ಮೀನು ಕೊಳ್ಳಲು ಬಂದಳು. ಮನ್ಸಾ ಕಡೆಯವಳಂತೆ, ಮಾತುಗಾರ್ತಿ. ಬುಟ್ಟಿಯ ಮುಂದೆ ಕೂತು ಒಂದೊಂದೇ ಮೀನು ಮೂಸಿ ನೋಡುತ್ತ, "ನಿಮಗೆಷ್ಟು ಮಕ್ಕಳಕ್ಕಾ?" ಎಂದು ಕೇಳಿದಳು. ನಾನು ಬಾಯಿ ತೆರೆದೆ. ಅದೇ ಮಾತು ಬರುತ್ತದೆ ಎಂದುಕೊಂಡೆ.

"ಇಬ್ರು" ಎಂದೆ.

"ಎಲ್ಲಿದಾರೆ?"

"ಇಬ್ರೂ ಲುಸಾಕಾದಲ್ಲಿ. ಮಗಳು ಮಟೇರೊದಲ್ಲಿ. ಮಗ ಅಲ್ಲೇ, ಸ್ಟೇಡಿಯಮ್ಮಿನ ಪಕ್ಕ."

"ಒಳ್ಳೇದಾಯ್ತು ಬಿಡಿ" ಎಂದಳು. "ಅಷ್ಟು ದೊಡ್ಡ ಊರಲ್ಲಿ ಒಡಹುಟ್ಟಿದೋರು ಹತ್ತಿರ ಹತ್ತಿರವೇ ಇದಾರಲ್ಲ."

ಹೌದು ಎಂದೆ. ಅವಳು ಆರಿಸಿದ ಮೀನನ್ನು ಎಲೆಯಲ್ಲಿ ಸುತ್ತಿ ಕೊಟ್ಟೆ.

ನಿಮ್ಮ ಅವ್ವ